ನೆಲ್ಲಿಕಾಯಿ ಯಾರು, ಉಪ್ಪು ಯಾರು?

ಮಗಳು ಒಂಬತ್ತನೇ ಕ್ಲಾಸು. ಹೋದ ವರ್ಷ ತುಳಸಿ ಹಬ್ಬ ಮುಗಿದ ವಾರ, ಒಂದು ಸಂಜೆ ಕನ್ನಡದ ನೋಟ್ಸ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಪುಟದ ಮಧ್ಯೆ ಉದ್ದಕ್ಕೆ ಗೆರೆ ಎಳೆದಿದ್ದಳು. ಎಡಗಡೆ ‘ಮಾಮರ’, ಬಲಗಡೆ ‘ಪರಮಾತ್ಮ’. ಅದರ ಕೆಳಗೆ ‘ಕೋಗಿಲೆ’, ಪಕ್ಕದಲ್ಲಿ ‘ಜೀವಾತ್ಮ’. ಮೂರನೇ ಸಾಲಿನಲ್ಲಿ ‘ನೆಲ್ಲಿಕಾಯಿ, ಉಪ್ಪು’ ಅಂತ ಬರೆದು ಬಲಗಡೆ ಖಾಲಿ ಬಿಟ್ಟಿದ್ದಳು.

“ಅಮ್ಮಾ, ಇದರಲ್ಲಿ ನೆಲ್ಲಿಕಾಯಿ ಯಾರು, ಉಪ್ಪು ಯಾರು?”

ಥಟ್ ಅಂತ ಹೇಳೋಣ ಅಂತ ಬಾಯಿ ತೆರೆದೆ. ಮಾತು ಬರಲಿಲ್ಲ. ದೇವರು ನೆಲ್ಲಿಕಾಯಿ ಅನ್ನೋಣವಾ? ಹಾಗಾದರೆ ನಾವು ಉಪ್ಪು, ಅವನೊಳಗೆ ಕರಗುವವರು. ಕೇಳೋಕೆ ಚೆನ್ನಾಗಿದೆ. ಆದರೆ ನೆಲ್ಲಿಕಾಯಿ ಒಗರು. ಉಪ್ಪು ಸೇರಿದ ಮೇಲೆ ಹದವಾಗುವುದು ಅದು. ನಾವು ಸೇರಿ ದೇವರು ಹದವಾಗ್ತಾನಾ? ಸರಿ, ತಿರುಗಿಸಿ ನೋಡೋಣ. ದೇವರು ಉಪ್ಪು. ಆಗ ಕರಗಿ ಕಾಣದಂತಾಗುವುದು ದೇವರು, ಭರಣಿಯಲ್ಲಿ ಇಡಿಯಾಗಿ ಉಳಿಯುವುದು ನಾವು. ಹೀಗೂ ಕೂಡಲಿಲ್ಲ, ಹಾಗೂ ಕೂಡಲಿಲ್ಲ.

ಆ ವಚನ ನಿಮಗೆ ಬಾಯಿಗೆ ಬರುತ್ತದೆ. ಆದರೂ ಒಮ್ಮೆ ಎದುರಿಗೆ ಇಟ್ಟುಕೊಳ್ಳೋಣ. ಅಲ್ಪವಿರಾಮ, ಪ್ರಶ್ನೆ ಚಿಹ್ನೆ ಬೇಕೆಂದೇ ಬಿಟ್ಟಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎತ್ತಣ ಮಾಮರ ಎತ್ತಣ ಕೋಗಿಲೆ
ಎತ್ತಣಿಂದೆತ್ತ ಸಂಬಂಧವಯ್ಯಾ
ಬೆಟ್ಟದ ನೆಲ್ಲಿಯ ಕಾಯಿ ಸಮುದ್ರದೊಳಗಣ ಉಪ್ಪು
ಎತ್ತಣಿಂದೆತ್ತ ಸಂಬಂಧವಯ್ಯಾ
ಗುಹೇಶ್ವರಲಿಂಗಕ್ಕೆಯೂ ಎಮಗೆಯೂ
ಎತ್ತಣಿಂದೆತ್ತ ಸಂಬಂಧವಯ್ಯಾ

12ನೇ ಶತಮಾನದ ಅಲ್ಲಮಪ್ರಭುವಿನ ಮಾತು. ಆರು ಸಾಲು, 17 ಪದ. ಅದರಲ್ಲಿ ಆರು ಪದ ಮತ್ತೆ ಮತ್ತೆ ಬರುವ ಒಂದೇ ಮಾತಿನವು. ಅಂದರೆ ಉಳಿದದ್ದು ಬರೀ 11.

ಆ ರಾತ್ರಿ ಪಾತ್ರೆ ತೊಳೆಯುತ್ತಾ ಇದನ್ನೇ ಗುನುಗುತ್ತಿದ್ದೆ. ಆಗ ಒಂದು ವಿಷಯ ಹೊಳೆಯಿತು. ಮೂವತ್ತು ವರ್ಷದಿಂದ ಈ ವಚನ ಗೊತ್ತು, ಇಷ್ಟು ದಿನ ಗಮನಿಸಿರಲಿಲ್ಲ. ಇದರಲ್ಲಿ ಒಂದೇ ಒಂದು ಕ್ರಿಯಾಪದ ಇಲ್ಲ.

ನೋಡಿ ಬೇಕಾದರೆ. ಮಾವು ಚಿಗುರುವುದಿಲ್ಲ. ಕೋಗಿಲೆ ಬರುವುದಿಲ್ಲ, ಕೂರುವುದಿಲ್ಲ, ಹಾಡುವುದಿಲ್ಲ. ನೆಲ್ಲಿಕಾಯಿಯನ್ನು ಯಾರೂ ಕೊಯ್ಯುವುದಿಲ್ಲ. ಉಪ್ಪನ್ನು ಯಾರೂ ತರುವುದಿಲ್ಲ. ಯಾರೂ ಯಾರನ್ನೂ ಸೇರುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಇಲ್ಲದೆ ಮಾತಾಡುವುದು ಹೊಸದೇನಲ್ಲ, ನಿಜ. ‘ಅವರು ನಮ್ಮ ಮಾವ’ ಅಂತೀವಿ, ಅಲ್ಲಿಗೆ ವಾಕ್ಯ ಮುಗಿಯಿತು. ಆದರೆ ಒಂದು ಇಡೀ ವಚನ, ಅದೂ ಎರಡು ವಸ್ತುಗಳು ಒಂದಾಗುವ ಬಗ್ಗೆ ಇರುವ ವಚನ, ‘ಸೇರಿತು’ ಅನ್ನುವ ಒಂದು ಮಾತೂ ಇಲ್ಲದೆ ನಿಂತಿದೆ.

ಆದರೂ ಇದನ್ನು ಕೇಳಿದ ಪ್ರತಿಯೊಬ್ಬರ ಕಿವಿಯಲ್ಲೂ ಕೋಗಿಲೆ ಕೂಗುತ್ತದೆ. ಪ್ರತಿಯೊಬ್ಬರ ಬಾಯಲ್ಲೂ ನೀರೂರುತ್ತದೆ. ವಸಂತ ಅಂತ ಎಲ್ಲಿ ಬರೆದಿದೆ? ಎಲ್ಲೂ ಇಲ್ಲ. ಉಪ್ಪಿನಕಾಯಿ ಅಂತ ಎಲ್ಲಿದೆ? ಅದೂ ಇಲ್ಲ. ಸಾಲಿನ ಕೊನೆಯಲ್ಲಿ ‘ಉಪ್ಪು’ ಇದೆ, ನಡುವೆ ‘ಕಾಯಿ’ ಇದೆ. ಎರಡನ್ನೂ ಕೂಡಿಸಿ ‘ಉಪ್ಪಿನಕಾಯಿ’ ಮಾಡಿಕೊಳ್ಳುವುದು ನಮ್ಮ ನಾಲಿಗೆ. ಅಲ್ಲಮ ಎರಡು ದಡ ತೋರಿಸಿ ಸುಮ್ಮನಾಗುತ್ತಾನೆ. ದೋಣಿ ನಮ್ಮದು.

ನನಗೆ ಅನ್ನಿಸುವುದು ಇಷ್ಟೇ. ಈ ವಚನದ ಸಂಕೇತ ಮಾಮರದಲ್ಲೂ ಇಲ್ಲ, ಕೋಗಿಲೆಯಲ್ಲೂ ಇಲ್ಲ. ಎರಡರ ನಡುವೆ ಬಿಟ್ಟಿರುವ ಜಾಗದಲ್ಲಿದೆ. ಎಡಗಡೆ ಒಂದು ಪದ, ಬಲಗಡೆ ಅದರ ಅರ್ಥ ಅಂತ ಗೆರೆ ಎಳೆದ ಕೂಡಲೇ ಆ ಜಾಗ ಮುಚ್ಚಿಹೋಗುತ್ತದೆ.

ಹಾಗೆ ಗೆರೆ ಎಳೆಯುವ ಅಭ್ಯಾಸ ಇವತ್ತಿನ ಗೈಡುಗಳಿಂದ ಬಂದದ್ದಲ್ಲ ಅನ್ನುವುದನ್ನೂ ಹೇಳಬೇಕು. ಅಲ್ಲಮ ಬೆಡಗಿನ ವಚನಗಳಿಗೆ ಹೆಸರಾದವನು. ಒಗಟಿನ ಹಾಗೆ ಇರುವ ಆ ವಚನಗಳಿಗೆ ಹಿಂದಿನವರು ಟೀಕು ಬರೆದರು. ಈ ಪದ ಅಂದರೆ ಇದು, ಆ ಪದ ಅಂದರೆ ಅದು ಅಂತ ಒಂದೊಂದನ್ನೇ ಬಿಡಿಸಿದರು. ಅಲ್ಲಿ ಅದು ಬೇಕಿತ್ತು. ಬೀಗ ಇದ್ದಲ್ಲಿ ಬೀಗದ ಕೈ ಬೇಕಲ್ಲ. ಆದರೆ ಈ ವಚನದಲ್ಲಿ ಬೀಗವೇ ಇಲ್ಲ. ಬಾಗಿಲು ಹಾರು ಹೊಡೆದಿದೆ. ಮಾಮರ ಅಂದರೆ ಮಾಮರವೇ.

ನಾನು ಮಗಳ ವಯಸ್ಸಿನಲ್ಲಿದ್ದಾಗಲೂ ಇದೇ ಪಾಠ ಇತ್ತು. ‘ಮಾಮರ ಯಾರ ಸಂಕೇತ?’ ಅನ್ನುವ ಪ್ರಶ್ನೆಗೆ ನಾನು ‘ಮಾಮರ ಮರದ ಸಂಕೇತ’ ಅಂತ ಬರೆದು ಸೊನ್ನೆ ತೆಗೆದುಕೊಂಡಿದ್ದೆ. ಆವತ್ತು ಅತ್ತಿದ್ದು ನೆನಪಿದೆ. ಇವತ್ತಿಗೂ ಆ ಉತ್ತರಕ್ಕೆ ಅರ್ಧ ಮಾರ್ಕಾದರೂ ಸಿಗಬೇಕಿತ್ತು ಅನ್ನಿಸುತ್ತದೆ.

ಮೊದಲ ಪದದಿಂದ ಶುರು ಮಾಡೋಣ. ‘ಎತ್ತಣ’ ಅಂದರೆ ‘ಯಾವ’ ಅಲ್ಲ. ಅದು ದಿಕ್ಕಿನ ಮಾತು. ಎತ್ತ ಕಡೆಯದು, ಯಾವ ಕಡೆಯದು ಅಂತ. ‘ಎತ್ತಣಿಂದೆತ್ತ’ ಅಂದರೆ ಎಲ್ಲಿಂದ ಎಲ್ಲಿಗೆ. ಹಳ್ಳಿಯಲ್ಲಿ ಅಪರಿಚಿತರು ಎದುರಾದರೆ ಮೊದಲು ‘ಯಾವ ಕಡೆಯವರು?’ ಅಂತಲೇ ಕೇಳುತ್ತಾರೆ. ಹೆಸರು ಆಮೇಲೆ. ಅಲ್ಲಮ ಕೇಳುವುದೂ ಅದನ್ನೇ. ನೀನು ಯಾವ ಕಡೆಯವನು, ನಾನು ಯಾವ ಕಡೆಯವನು, ಇಲ್ಲಿ ಹೇಗೆ ಎದುರಾದೆವು?

ಈ ಪ್ರಶ್ನೆಯನ್ನು ಕೋಗಿಲೆಗೆ ಕೇಳಿದ್ದು ಎಷ್ಟು ಸರಿ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಕೋಗಿಲೆಯನ್ನೂ ನೋಡಬೇಕು. ವಸಂತಕ್ಕೆ ಅದು ಎಲ್ಲಿಂದಲೋ ಹಾರಿ ಬರುತ್ತದೆ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಹಾಗಲ್ಲ. ನಮ್ಮ ಕಡೆ ಕೋಗಿಲೆ ವರ್ಷವಿಡೀ ಇಲ್ಲೇ ಇರುತ್ತದೆ. ಚಳಿಗಾಲದಲ್ಲಿ ದಟ್ಟ ಎಲೆಗಳ ನಡುವೆ ಸುಮ್ಮನೆ ಕೂತಿರುತ್ತದೆ, ಅಷ್ಟೆ. ಮಾವು ಹೂ ಬಿಟ್ಟು ಮಿಡಿಯಾಗುವ ಹೊತ್ತಿಗೆ ಅದಕ್ಕೆ ಗೂಡಿನ ಕಾಲ ಹತ್ತಿರ ಬರುತ್ತದೆ, ಆಗ ಬಾಯಿ ಬಿಡುತ್ತದೆ. ಗೂಡು ಅಂದೆ, ಅದಕ್ಕೆ ಗೂಡೂ ಇಲ್ಲ. ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ. ಮರಿ ಕಣ್ಣು ಬಿಡುವುದು ಕಾಗೆಯ ಮನೆಯಲ್ಲಿ, ತುತ್ತು ತಿನ್ನುವುದು ಕಾಗೆಯ ಕೊಕ್ಕಿನಿಂದ. ಹುಟ್ಟಿದ ಮನೆಯೇ ಬೇರೆಯವರದು. ಅಂಥ ಹಕ್ಕಿಗೆ ‘ಎತ್ತಣ ಕೋಗಿಲೆ’ ಅಂತ ಕೇಳಿದರೆ ಅದು ತಾನೇ ಏನು ಹೇಳೀತು?

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಅಲ್ಲಮನ ಊರು ಬಳ್ಳಿಗಾವಿ, ಶಿಕಾರಿಪುರ ತಾಲ್ಲೂಕಿನಲ್ಲಿದೆ. ಆ ಕಾಲಕ್ಕೆ ಅದು ಬನವಾಸಿ ಹನ್ನೆರಡು ಸಾವಿರ ಅನ್ನುವ ನಾಡಿನ ದೊಡ್ಡ ಪಟ್ಟಣ. ಬನವಾಸಿ ಅಂದ ಕೂಡಲೇ ಪಂಪ ನೆನಪಾಗದೆ ಇರುವುದಿಲ್ಲ, ಅಲ್ವಾ? ಅಲ್ಲಮನಿಗಿಂತ 200 ವರ್ಷ ಹಿಂದೆ, 10ನೇ ಶತಮಾನದಲ್ಲಿ, ಅವನು ಆಸೆ ಪಟ್ಟಿದ್ದು ಇದಕ್ಕೆ: ‘ಮರಿದುಂಬಿಯಾಗಿ ಮೇಣ್ ಕೋಗಿಲೆಯಾಗಿ ಪುಟ್ಟುವುದು ನಂದನದೊಳ್ ಬನವಾಸಿದೇಶದೊಳ್’. ದುಂಬಿಯಾಗಿಯೋ ಕೋಗಿಲೆಯಾಗಿಯೋ ಆ ನಾಡಿನ ತೋಪಿನಲ್ಲೇ ಹುಟ್ಟಬೇಕು ಅಂತ. ಪಂಪನಿಗೆ ಕೋಗಿಲೆ ಮತ್ತು ಆ ಮಣ್ಣು ಬಿಡಿಸಲಾಗದ ನಂಟು. ಅದೇ ಮಣ್ಣಿನಲ್ಲಿ ಹುಟ್ಟಿದ ಅಲ್ಲಮ ಅದೇ ಕೋಗಿಲೆಯನ್ನು ನೋಡಿ ‘ಎತ್ತಣ ಕೋಗಿಲೆ’ ಅನ್ನುತ್ತಾನೆ. ಒಬ್ಬನಿಗೆ ಊರಿನ ಹಂಬಲ. ಇನ್ನೊಬ್ಬನಿಗೆ ಊರು ಅನ್ನುವುದೇ ಒಂದು ಪ್ರಶ್ನೆ. ಅಲ್ಲಮನಿಗೆ ಪಂಪನ ಪದ್ಯ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಎರಡನ್ನೂ ಒಟ್ಟಿಗೆ ಓದಿದಾಗ ನನ್ನೊಳಗೆ ಆಗುವುದನ್ನು ಹೇಳುತ್ತಿದ್ದೇನೆ.

ಇನ್ನು ನೆಲ್ಲಿಕಾಯಿ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ, ಕ್ಷಮಿಸಿ. ನನ್ನ ಅಜ್ಜಿ ಮನೆ ಸಾಗರದ ಹತ್ತಿರ. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಘಟ್ಟ ಇಳಿಯುತ್ತದೆ, ಇಳಿದರೆ ಸಮುದ್ರ. ಬೆಟ್ಟ ಮತ್ತು ಸಮುದ್ರ ಅಜ್ಜಿಗೆ ಕಾವ್ಯದ ಮಾತಾಗಿರಲಿಲ್ಲ, ಮೇಲಿನ ಸಾಮಾನು ಮತ್ತು ಕೆಳಗಿನ ಸಾಮಾನು ಆಗಿತ್ತು. ನೆಲ್ಲಿಕಾಯಿ ಮನೆ ಹಿಂದಿನ ಗುಡ್ಡದ್ದು. ಉಪ್ಪು ಘಟ್ಟದ ಕೆಳಗಿನದು. ಅದರಲ್ಲೂ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪೇ ಆಗಬೇಕು. ಅಲ್ಲಿ ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಪಾತಿಗಳಿಗೆ ಬಿಟ್ಟುಕೊಂಡು ಬಿಸಿಲಿಗೆ ಒಣಗಿಸುತ್ತಾರೆ. ಹಿಂದಿನ ಕಾಲದಲ್ಲಿ ಎತ್ತುಗಳ ಬೆನ್ನ ಮೇಲೆ ಹೇರಿಕೊಂಡು ಉಪ್ಪು ಘಟ್ಟ ಹತ್ತುತ್ತಿತ್ತು.

‘ಬೆಟ್ಟದ ನೆಲ್ಲಿಕಾಯಿ’ ಅನ್ನುವ ಹೆಸರನ್ನೇ ನೋಡಿ. ಬೆಂಗಳೂರಿನ ತಳ್ಳುಗಾಡಿಯವರೂ ಇವತ್ತಿಗೂ ಹಾಗೇ ಕೂಗುತ್ತಾರೆ. ಚಿಕ್ಕದಾದ, ಹುಳಿಯಾದ ಅರೆನೆಲ್ಲಿಯಿಂದ ಬೇರೆ ಮಾಡೋಕೆ ಆ ಹೆಸರು. ಹಣ್ಣು ಬೆಟ್ಟ ಇಳಿದು, ಲಾರಿ ಹತ್ತಿ, ಮಾರ್ಕೆಟ್ಟಿಗೆ ಬಂದರೂ ವಿಳಾಸ ಮಾತ್ರ ಬಿಟ್ಟಿಲ್ಲ. ಉಪ್ಪಿಗೆ ಅಂಥ ವಿಳಾಸ ಇಲ್ಲ. ‘ಸಮುದ್ರದ ಉಪ್ಪು’ ಅಂತಲೂ ಅಲ್ಲಮ ಹೇಳುವುದಿಲ್ಲ, ‘ಸಮುದ್ರದೊಳಗಣ ಉಪ್ಪು’ ಅನ್ನುತ್ತಾನೆ. ಒಳಗೆ ಇರುವುದು. ಬೆಟ್ಟದ ನೆಲ್ಲಿ ಮರದಲ್ಲಿ ಕಣ್ಣಿಗೆ ಕಾಣುತ್ತದೆ. ಸಮುದ್ರದೊಳಗಿನ ಉಪ್ಪು ಕಾಣುವುದಿಲ್ಲ, ನೀರು ಆರಿದ ಮೇಲಷ್ಟೇ ಕಾಣುತ್ತದೆ. ಕಾಣುವುದು ಒಂದು, ಕಾಣದೆ ಇರುವುದು ಒಂದು. ‘ಒಳಗಣ’ ಅನ್ನುವ ಆ ಸಣ್ಣ ಪದದಲ್ಲಿ ಎಷ್ಟು ಇಟ್ಟಿದ್ದಾನೆ!

ಅಜ್ಜಿ ನೆಲ್ಲಿಕಾಯಿ ಉಪ್ಪಿನಕಾಯಿ ಹಾಕುವಾಗ ನಮ್ಮ ಕೆಲಸ ಚುಚ್ಚುವುದು. ತೊಳೆದು, ಹಳೇ ಪಂಚೆಯ ಮೇಲೆ ಹರವಿ, ಒಂದು ಹನಿ ಪಸೆ ಇಲ್ಲದ ಹಾಗೆ ಆರಿಸಿದ ಕಾಯಿ. ಚೀಲ ಹೊಲಿಯುವ ದಬ್ಬಳವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಕೊಡುತ್ತಿದ್ದಳು. ಕಾಯಿಯ ಮೈಮೇಲಿನ ಆರು ಗೆರೆಗಳನ್ನು ನೋಡಿಕೊಂಡು, ಗೆರೆಯ ಮೇಲೆ ಬೇಡ, ಗೆರೆಗಳ ನಡುವೆ ಚುಚ್ಚಬೇಕು. ಗೆರೆಯ ಮೇಲೆ ಚುಚ್ಚಿದರೆ ಆಮೇಲೆ ಹೋಳು ಬಿಚ್ಚಿಕೊಳ್ಳುತ್ತದೆ ಅನ್ನುತ್ತಿದ್ದಳು. ಭರಣಿಯ ತಳಕ್ಕೆ ಒಂದು ಹಿಡಿ ಹರಳುಪ್ಪು, ಮೇಲೆ ಒಂದು ಪದರ ಕಾಯಿ, ಮತ್ತೆ ಉಪ್ಪು, ಮತ್ತೆ ಕಾಯಿ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕತ್ತಲೆ ಕೋಣೆಗೆ ಇಡುತ್ತಿದ್ದಳು. ದಿನಾ ಒಮ್ಮೆ ಭರಣಿ ಕುಲುಕಬೇಕು.

ಕೆಲವು ದಿನ ಕಳೆದು ಬಟ್ಟೆ ಬಿಚ್ಚಿದಾಗ ಹರಳು ಒಂದೂ ಇಲ್ಲ. ಕಾಯಿಗಳ ಬಣ್ಣ ಮಂಕಾಗಿ ಹಳದಿಗೆ ತಿರುಗಿದೆ. ಸುತ್ತ ನೀರು. ನಾನು ಅವತ್ತು ಎಂಟು ವರ್ಷದವಳು ಇರಬೇಕು. “ಅಜ್ಜಿ, ನೀರು ಯಾವಾಗ ಹಾಕಿದ್ದು?” ಅಂತ ಕೇಳಿದೆ.

“ನೀರು ಹಾಕಿಲ್ಲ ಕಣೇ. ಅದು ಕಾಯಿದೇ ನೀರು.”

ಅಷ್ಟೇ ಹೇಳಿದ್ದು. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಆ ನೀರಲ್ಲೇ ತಾನು ಕರಗುತ್ತದೆ, ಕರಗಿ ಮತ್ತೆ ಕಾಯಿಯೊಳಗೆ ಹೋಗುತ್ತದೆ. ಇದರ ವಿಜ್ಞಾನ ಆಮೇಲೆ ಹೈಸ್ಕೂಲಿನಲ್ಲಿ ಓದಿದೆ. ಆದರೆ ಒಗರು ಕಾಯಿಯೊಳಗೆ ಅಷ್ಟು ನೀರಿತ್ತು, ಉಪ್ಪು ಬಂದು ಕರೆಯುವವರೆಗೆ ಹೊರಗೆ ಬಂದಿರಲಿಲ್ಲ ಅನ್ನುವುದು ಅವತ್ತೇ ಮನಸ್ಸಿಗೆ ಹೋಗಿತ್ತು.

ಮಧ್ಯೆ ಒಂದು ಮಾತು. ಅಲ್ಲಮನ ಕಾಲದ ಉಪ್ಪಿನಕಾಯಿ ಕೆಂಪಗೆ ಇರಲಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ಕರಾವಳಿಗೆ ಬಂದದ್ದು 1500ರ ಈಚೆಗೆ. ಹಾಗಾಗಿ ಈ ಸಾಲು ಓದುವಾಗ ಕೆಂಪು ಖಾರದ ಎಣ್ಣೆ ತೇಲುವ ಉಪ್ಪಿನಕಾಯಿಯನ್ನು ನೆನೆಸಿಕೊಳ್ಳಬೇಡಿ. ಅಜ್ಜಿಯ ಭರಣಿಯಲ್ಲಿ ಮೊದಲ ವಾರ ಇರುತ್ತಿತ್ತಲ್ಲ, ಬರೀ ಕಾಯಿ, ಬರೀ ಉಪ್ಪು, ಅದನ್ನು ನೆನೆಸಿಕೊಳ್ಳಿ. ಅಥವಾ ಗುಡ್ಡದಲ್ಲಿ ದನ ಕಾಯುವ ಹುಡುಗ ಚಡ್ಡಿ ಜೇಬಿನಲ್ಲಿ ನಾಲ್ಕು ಹರಳು ಉಪ್ಪು ಇಟ್ಟುಕೊಂಡು ನೆಲ್ಲಿ ಮರ ಹತ್ತುವುದನ್ನು. ಅಲ್ಲಮ ಯಾವುದನ್ನು ನೋಡಿದನೋ. ಕ್ರಿಯಾಪದ ಬಿಟ್ಟಿದ್ದಾನಲ್ಲ, ಎರಡಕ್ಕೂ ಜಾಗ ಇದೆ.

ಈಗ ಎರಡು ಜೋಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾವು ನಿಂತಲ್ಲೇ ಇದೆ, ಕೋಗಿಲೆ ತಾನಾಗಿ ಬರುತ್ತದೆ. ಹಾಡು ಮುಗಿದರೆ ಹಾರಿ ಹೋಗುತ್ತದೆ. ಅಲ್ಲಿ ಸೇರಿದರೂ ಮರ ಮರವೇ, ಹಕ್ಕಿ ಹಕ್ಕಿಯೇ. ನೆಲ್ಲಿಕಾಯಿ ಮತ್ತು ಉಪ್ಪು ಹಾಗಲ್ಲ. ಎರಡಕ್ಕೂ ಕಾಲಿಲ್ಲ. ಯಾರೋ ಬೆಟ್ಟ ಹತ್ತಬೇಕು, ಯಾರೋ ಸಮುದ್ರದ ಕಡೆಯಿಂದ ಹೊತ್ತು ತರಬೇಕು. ಮೂರನೆಯ ಒಂದು ಕೈ ಬೇಕು. ಆದರೆ ಒಮ್ಮೆ ಸೇರಿದವೋ, ಮತ್ತೆ ಬಿಡಿಸೋಕೆ ಆಗುವುದಿಲ್ಲ. ಉಪ್ಪನ್ನು ವಾಪಸ್ ತೆಗೆದು ಕೊಡಿ ಅಂದರೆ ಯಾರ ಕೈಲಾಗುತ್ತದೆ?

ಸುಮ್ಮನೆ ಎರಡು ಉದಾಹರಣೆ ಕೊಟ್ಟಿದ್ದಲ್ಲ ಇದು. ಮೊದಲನೆಯದು ಭೇಟಿ, ಎರಡನೆಯದು ಬೆರೆಯುವುದು. ಇಷ್ಟು ಹತ್ತಿರ ತಂದು, ಅಲ್ಲಮ ಮೂರನೇ ಜೋಡಿಯನ್ನು ಇಡುತ್ತಾನೆ. ಗುಹೇಶ್ವರಲಿಂಗ ಮತ್ತು ನಾವು. ಮೊದಲ ಎರಡಕ್ಕೆ ಬಿಟ್ಟ ಜಾಗವನ್ನು ನಾವು ತುಂಬಿದೆವು. ಒಂದಕ್ಕೆ ವಸಂತ, ಇನ್ನೊಂದಕ್ಕೆ ಉಪ್ಪಿನಕಾಯಿ. ಮೂರನೆಯದಕ್ಕೆ? ಇಲ್ಲಿ ನಾಲಿಗೆಯ ನೆರವಿಲ್ಲ, ಕಿವಿಯ ನೆರವಿಲ್ಲ. ಮಗಳ ಪುಟದಲ್ಲಿ ಖಾಲಿ ಬಿಟ್ಟಿದ್ದು ಮೂರನೇ ಸಾಲು. ವಚನದಲ್ಲಿ ಖಾಲಿ ಇರುವುದೂ ಮೂರನೆಯದೇ.

‘ಗುಹೇಶ್ವರ’ ಅನ್ನುವುದು ಅಲ್ಲಮನ ಅಂಕಿತ, ಅವನ ಎಲ್ಲ ವಚನಗಳಲ್ಲೂ ಬರುತ್ತದೆ ಅಂತ ನಾವು ಅದನ್ನು ಸಹಿಯ ಹಾಗೆ ಓದಿ ಮುಂದೆ ಹೋಗುತ್ತೇವೆ. ಆದರೆ ಹರಿಹರ ಹೇಳಿದ ಕಥೆ ನೆನಪಿಟ್ಟುಕೊಂಡು ಓದಿದರೆ ಆ ಹೆಸರಿನ ತೂಕವೇ ಬೇರೆ. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವ ಹುಡುಗ. ಕಮಲತೆಯನ್ನು ಪ್ರೀತಿಸುತ್ತಾನೆ. ಅವಳು ಜ್ವರ ಬಂದು ಸಾಯುತ್ತಾಳೆ. ದುಃಖದಲ್ಲಿ ದಿಕ್ಕು ತಪ್ಪಿ ಅಲೆಯುತ್ತಾನೆ. ಒಂದು ದಿನ ತೋಟದಲ್ಲಿ ತಲೆ ತಗ್ಗಿಸಿ ಕೂತು, ಕಾಲುಬೆರಳಿನ ಉಗುರಿನಿಂದ ಸುಮ್ಮನೆ ನೆಲ ಕೆದಕುತ್ತಿರುವಾಗ ಮಣ್ಣಿನಲ್ಲಿ ಏನೋ ಹೊಳೆಯುತ್ತದೆ. ಚಿನ್ನದ ಕಳಸ. ಅಗೆಸಿದರೆ ಕೆಳಗೆ ಹೂತುಹೋದ ಗುಡಿ, ಮುಚ್ಚಿದ ಬಾಗಿಲು. ಒಳಗೆ ಅನಿಮಿಷಯ್ಯ ಅನ್ನುವ ಯೋಗಿ, ಕಣ್ಣು ಮಿಟುಕಿಸದೆ ಕೂತಿದ್ದಾನೆ. ಅವನು ಅಲ್ಲಮನ ಕೈಗೆ ಲಿಂಗ ಕೊಡುತ್ತಾನೆ. ಕೊಟ್ಟ ಗಳಿಗೆಯಲ್ಲೇ ಅವನ ಪ್ರಾಣ ಹೋಗುತ್ತದೆ.

15ನೇ ಶತಮಾನದ ಚಾಮರಸ ಈ ಕಥೆಯನ್ನು ಹೀಗೆ ಹೇಳುವುದಿಲ್ಲ. ಅವನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮ ಯಾರ ಪ್ರೀತಿಗೂ ಸಿಕ್ಕುವವನಲ್ಲ. ಮಾಯೆಯೇ ಬಂದರೂ ಸೋತು ಹೋಗುತ್ತಾಳೆ. ಎರಡು ಕಥೆಯಲ್ಲಿ ಯಾವುದು ನಿಜ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಈ ವಚನವನ್ನು ನಾನು ಓದುವುದು ಮಾತ್ರ ಹರಿಹರನ ಅಲ್ಲಮನ ದನಿಯಲ್ಲಿ. ಎಲ್ಲಿಯ ಕಮಲತೆ, ಎಲ್ಲಿಯ ಜ್ವರ, ಎಲ್ಲಿಯ ತೋಟ. ಅಳುತ್ತಾ ಉಗುರಿನಿಂದ ಕೆದಕಿದ ಜಾಗದಲ್ಲೇ ಗುಡಿ ಯಾಕಿರಬೇಕು? ಯಾರೆಂದೇ ಗೊತ್ತಿಲ್ಲದ ಒಬ್ಬ ತನಗಾಗಿ ಯಾಕೆ ಕಾದಿರಬೇಕು? ‘ಗುಹೇಶ್ವರಲಿಂಗಕ್ಕೆಯೂ ಎಮಗೆಯೂ’ ಅನ್ನುವಾಗ ಆ ಬೆರಗು ಇನ್ನೂ ಆರಿಲ್ಲ ಅನ್ನಿಸುತ್ತದೆ.

ಕೆಲವು ಕಡೆ ‘ಎನಗೆಯೂ’ ಅಂತ ಪಾಠ ಇದೆ, ಕೆಲವು ಕಡೆ ‘ಎಮಗೆಯೂ’. ನನಗೆ ‘ಎಮಗೆ’ ಇಷ್ಟ. ಅದರಲ್ಲಿ ನಾವೂ ಇದ್ದೇವೆ.

ಬೆರಗು ಅಂದೆ. ಇಲ್ಲೇ ಆ ಪ್ರಶ್ನೆ ಚಿಹ್ನೆಯ ವಿಷಯ ಬರುವುದು. ಪುಸ್ತಕಗಳಲ್ಲಿ ಮೂರು ಕಡೆಯೂ ಪ್ರಶ್ನೆ ಚಿಹ್ನೆ ಇರುತ್ತದೆ. ಅದು ಅಲ್ಲಮ ಹಾಕಿದ್ದಲ್ಲ. ತಾಳೆಗರಿಯಲ್ಲಿ ಪ್ರಶ್ನೆ ಚಿಹ್ನೆ ಇರಲಿಲ್ಲ. ನಾವು ಇವತ್ತು ನೋಡುವ ಹಾಗೆ ಸಾಲು ಮುರಿದು ಬರೆಯುವುದೂ ಇರಲಿಲ್ಲ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿ ಕೂಡಿಸಿ 1923ರಲ್ಲಿ ವಚನಗಳನ್ನು ಅಚ್ಚು ಹಾಕಿಸಿದರು. ಹಾಗೆ ವಚನಗಳು ಪುಸ್ತಕಕ್ಕೆ ಬಂದ ಮೇಲೆ ಕಣ್ಣಿಗೆ ಇಂಥ ರೂಪ ಬಂತು. ಅದಿಲ್ಲದಿದ್ದರೆ ನಾವು ಯಾರೂ ಇವನ್ನು ಓದುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಚಿಹ್ನೆಗಳನ್ನು ತೆಗೆದು ಬಾಯಲ್ಲಿ ಹೇಳಿ ನೋಡಿ.

‘ಎತ್ತಣಿಂದೆತ್ತ ಸಂಬಂಧವಯ್ಯಾ’ ಅನ್ನುವುದನ್ನು ಮೂರು ಥರ ಹೇಳಬಹುದು. ಒಂದು, ಅಬ್ಬಾ ಎಲ್ಲಿಂದೆಲ್ಲಿಗೆ ನಂಟು ಅನ್ನುವ ಬೆರಗಿನಲ್ಲಿ. ಇನ್ನೊಂದು, ಯಾವ ಸಂಬಂಧವಯ್ಯಾ, ಏನೂ ಇಲ್ಲ ಅಂತ ತಳ್ಳಿಹಾಕುವ ಹಾಗೆ. ಮತ್ತೊಂದು, ನಿಜವಾಗಿ ಗೊತ್ತಿಲ್ಲದೆ ಕೇಳುವ ಹಾಗೆ. ಹೆಚ್ಚಿನವರು ಮೊದಲನೆಯದನ್ನು ಹಿಡಿಯುತ್ತಾರೆ. ಋಣಾನುಬಂಧ, ಎಲ್ಲ ಮೊದಲೇ ಬರೆದಿಟ್ಟದ್ದು ಅಂತ ಅರ್ಥ ಮಾಡುತ್ತಾರೆ. ನನಗೆ ಅದು ಅಲ್ಲಮನ ದನಿ ಅನ್ನಿಸುವುದಿಲ್ಲ. ಋಣಾನುಬಂಧ ಅಂದ ಕೂಡಲೇ ಪ್ರಶ್ನೆ ಮುಗಿದುಹೋಗುತ್ತದೆ. ಅಲ್ಲಮ ಮುಗಿಸುವವನಲ್ಲ.

ಎರಡನೆಯದನ್ನು ಮಾತ್ರ ಸುಲಭಕ್ಕೆ ಬಿಡಬೇಡಿ. ಶರಣರ ನಡುವೆ ‘ಸಂಬಂಧ’ ಬಹಳ ಭಾರದ ಮಾತು. ಲಿಂಗ ಕಟ್ಟಿಕೊಳ್ಳುವುದಕ್ಕೇ ಲಿಂಗಸಂಬಂಧ ಅನ್ನುತ್ತಿದ್ದರು. ಲಿಂಗ ಸಂಬಂಧ ಆದವರೇ ಸುತ್ತ ಕೂತಿದ್ದಾರೆ ಅಂದುಕೊಳ್ಳಿ. ಅಲ್ಲಿ ಎದ್ದು ನಿಂತು ಒಬ್ಬ, ಅವನಿಗೂ ನಮಗೂ ಎತ್ತಣ ಸಂಬಂಧವಯ್ಯಾ ಅಂದರೆ? ಸಂಬಂಧ ಬೇಕಾದರೆ ಇಬ್ಬರು ಬೇಕು. ಇಬ್ಬರು ಇರುವವರೆಗೆ ಒಂದಾಗಿಲ್ಲ. ಒಂದಾದ ಮೇಲೆ ಸಂಬಂಧ ಅನ್ನುವ ಮಾತಿಗೆ ಕೆಲಸವಿಲ್ಲ. ಭರಣಿಯಲ್ಲಿ ಉಪ್ಪಿಗೂ ಕಾಯಿಗೂ ಏನು ಸಂಬಂಧ ಅಂತ ಕೇಳೋಕೆ ಉಪ್ಪನ್ನು ಎಲ್ಲಿಂದ ತೋರಿಸುತ್ತೀರಿ? ಹೀಗೆ ಓದಿದರೆ ವಚನ ತಳ್ಳಿಹಾಕುತ್ತಿಲ್ಲ, ಇನ್ನೂ ಹತ್ತಿರ ಎಳೆಯುತ್ತಿದೆ.

ಇದೇ ಪ್ರಶ್ನೆಯನ್ನು ಅಲ್ಲಮನಿಗಿಂತ ಸಾವಿರ ವರ್ಷದಷ್ಟು ಹಿಂದೆ ತಮಿಳಿನಲ್ಲಿ ಒಬ್ಬ ಪ್ರೇಮಿ ಕೇಳಿದ್ದಾನೆ. ಸಂಗಂ ಕಾಲದ ಕುರುಂತೊಗೈ ಅನ್ನುವ ಪದ್ಯಸಂಕಲನದ 40ನೇ ಪದ್ಯ. ನನ್ನ ತಾಯಿ ನಿನ್ನ ತಾಯಿಗೆ ಏನಾಗಬೇಕು? ನನ್ನ ತಂದೆಗೂ ನಿನ್ನ ತಂದೆಗೂ ಯಾವ ನೆಂಟಸ್ತಿಕೆ? ನಾ ನಿನ್ನನ್ನು, ನೀ ನನ್ನನ್ನು ಅರಿತದ್ದಾದರೂ ಹೇಗೆ? ಆದರೂ ಕೆಂಪು ಮಣ್ಣಿಗೆ ಬಿದ್ದ ಮಳೆನೀರಿನ ಹಾಗೆ ನಮ್ಮ ಮನಸ್ಸುಗಳು ಬೆರೆತುಹೋದವು. ಕವಿಯ ಹೆಸರೂ ಉಳಿದಿಲ್ಲ. ಆ ಉಪಮೆಯಿಂದಲೇ ಅವನನ್ನು ಸೆಂಬುಲಪ್ಪೆಯನೀರಾರ್, ಕೆಂಪು ನೆಲದ ಮೇಲೆ ಬಿದ್ದ ನೀರಿನವನು, ಅಂತ ಕರೆದರು. ತಮಿಳು ಪದ್ಯದ ಕೊನೆಯ ಪದ ‘ಕಲಂದನವೇ’. ಕಲೆತವು, ಬೆರೆತವು. ತಮಿಳು ಬಾರದವರಿಗೂ ಆ ಪದ ಕಿವಿಗೆ ನಮ್ಮದೇ ಅನ್ನಿಸುತ್ತದೆ. ಅಲ್ಲಮ ಬಿಟ್ಟ ಕ್ರಿಯಾಪದವನ್ನು ತಮಿಳು ಕವಿ ಕೊನೆಯಲ್ಲಿ ಕೈಗಿಡುತ್ತಾನೆ. ಅವನಿಗೆ ಉತ್ತರ ಸಿಕ್ಕಿತ್ತು, ಪಕ್ಕದಲ್ಲೇ ಹುಡುಗಿ ನಿಂತಿದ್ದಳು.

ಈ ಎರಡನ್ನೂ ಇಂಗ್ಲಿಷಿಗೆ ತಂದವರು ಒಬ್ಬರೇ, ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್. ಅಲ್ಲಮನ ‘ಸಂಬಂಧ’ಕ್ಕೂ ತಮಿಳು ಪದ್ಯಕ್ಕೂ ಅವರು ಬಳಸಿದ್ದು ಒಂದೇ ಪದ, ನೆಂಟರು ಅನ್ನುವ ಅರ್ಥದ್ದು. ಮನೆಯ ಮಾತನ್ನು ಕೇಳಿಸಿಕೊಂಡು ಬೆಳೆದವರಿಗೆ ಮಾತ್ರ ಹಾಗೆ ಹೊಳೆಯುತ್ತದೆ. ನಮ್ಮಲ್ಲಿ ‘ಒಂದು ಸಂಬಂಧ ಬಂದಿದೆ’ ಅಂದರೆ ಅದು ತತ್ವ ಅಲ್ಲ, ಮದುವೆ ಮಾತುಕತೆ.

ನನ್ನ ಮದುವೆಯಲ್ಲೂ ಈ ವಚನ ಬಂತು. ನಮ್ಮದು ಮಲೆನಾಡು, ಗಂಡನ ಕಡೆಯವರು ಕಲಬುರಗಿಯವರು. ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ಬೀಗರಿಗೆ ಬಡಿಸುತ್ತಾ “ಎತ್ತಣ ಮಾಮರ, ಎತ್ತಣ ಕೋಗಿಲೆ, ನೋಡಿ” ಅಂದರು. ಅವರು ನಕ್ಕು, “ಖರೇ ಅದರೀ” ಅಂದರು. ಗುಹೇಶ್ವರಲಿಂಗದ ಸಾಲು ಯಾರೂ ಹೇಳಲಿಲ್ಲ. ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಮೊದಲ ಸಾಲು ಗಾದೆಯಾಗಿ ಊರೆಲ್ಲ ಓಡಾಡುತ್ತದೆ, ಕೊನೆಯ ಸಾಲು ಪುಸ್ತಕದಲ್ಲಿ ಉಳಿಯುತ್ತದೆ. ಅವತ್ತು ಅದರ ಬಗ್ಗೆ ಯೋಚಿಸಿರಲಿಲ್ಲ. ಅಜ್ಜಿ ಕೊಟ್ಟಿದ್ದ ಒಂದು ಭರಣಿ ನೆಲ್ಲಿಕಾಯಿ ಅವರ ಜೊತೆ ಕಲಬುರಗಿಗೆ ಹೋಯಿತು, ಜೋಳದ ರೊಟ್ಟಿಯ ಪಕ್ಕಕ್ಕೆ.

ನೆಲ್ಲಿಕಾಯಿ ತಿಂದು ನೀರು ಕುಡಿದಿದ್ದೀರಲ್ಲ? ನೀರು ಸಿಹಿಯಾಗುತ್ತದೆ. ಕಾಯಿ ಸಿಹಿ ಇರಲಿಲ್ಲ, ನೀರೂ ಸಿಹಿ ಇರಲಿಲ್ಲ. ಮಗಳಿಗೆ ಆ ಸಂಜೆ ಹೇಳಿದ್ದು ಇದೊಂದನ್ನೇ. ಒಂದು ಕಾಯಿ ಕಚ್ಚಲು ಕೊಟ್ಟೆ, ಮುಖ ಕಿವುಚಿದಳು, ಒಂದು ಲೋಟ ನೀರು ಕುಡಿದಳು. “ಈ ಸಿಹಿ ಯಾವುದರದ್ದು ಹೇಳು, ಆಮೇಲೆ ನಿನ್ನ ಪ್ರಶ್ನೆಗೆ ಬರೋಣ” ಅಂದೆ. ಸ್ವಲ್ಪ ಹೊತ್ತು ಲೋಟ ನೋಡುತ್ತಾ ನಿಂತಳು. ಆಮೇಲೆ ಪಂಚೆಯ ಮೇಲೆ ಹರವಿದ್ದ ಕಾಯಿಗಳ ಹತ್ತಿರ ಕೂತು ದಬ್ಬಳ ಕೈಗೆ ತೆಗೆದುಕೊಂಡಳು. ಗೆರೆಗಳ ನಡುವೆ ಚುಚ್ಚೋದು ಅಂತ ಹೇಳಿಕೊಟ್ಟೆ.

ಹತ್ತು ದಿನ ಬಿಟ್ಟು ಅವಳೇ ಭರಣಿಯ ಬಟ್ಟೆ ಬಿಚ್ಚಿದಳು. ಒಳಗೆ ಇಣುಕಿ, “ಅಮ್ಮಾ, ನೀರು ಯಾವಾಗ ಹಾಕಿದೆ?” ಅಂದಳು.

“ಹಾಕಿಲ್ಲ ಕಣೇ” ಅಂದೆ.

ಒಂದು ಕಾಯಿ ತೆಗೆದು ಬಾಯಿಗೆ ಹಾಕಿಕೊಂಡು ಓದೋಕೆ ಹೋದಳು. ರಾತ್ರಿ ಅವಳ ಬ್ಯಾಗು ಸರಿ ಮಾಡುವಾಗ ನೋಟ್ಸ್ ತೆರೆದು ನೋಡಿದೆ. ಮೂರನೇ ಸಾಲಿನ ಬಲಗಡೆ ಇನ್ನೂ ಖಾಲಿ ಇತ್ತು. ಅಲ್ಲಿ ಉಪ್ಪುನೀರಿನ ಒಂದು ಹನಿ ಬಿದ್ದು, ಹಾಳೆ ಸಣ್ಣಗೆ ಸುಕ್ಕುಗಟ್ಟಿತ್ತು.